ಮಮ್ಮುವಿನ ಮೌನವ್ರತ

ಮಮ್ಮು ಬಾಯಿ ಮುಚ್ಚಿದ ಮೇಲೆ ನಮ್ಮ ಬಸ್ಸಿಗೆ ಸೂತಕ ಹಿಡಿದ ಹಾಗಾಯಿತು. ಮೂಡುಬಿದಿರೆಯಿಂದ ಹೊರಟು ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಹೋಗುವ ಆ ಬಸ್ಸಿನಲ್ಲಿ ನಾನು ವರ್ಷಗಟ್ಟಲೆ ವೇಣೂರಿನಿಂದ ಗುರುವಾಯನಕೆರೆಯ ಶಾಲೆಗೆ ಪಾಠ ಮಾಡಲು ಹೋಗಿ ಬಂದವಳು. ಬಸ್ಸು ನನ್ನ ಅಕ್ಕನ ಗಂಡ ವಿಜಯರಾಜ ಭಾವನದು. ಹಾಗಂತ ನನಗೆ ಟಿಕೆಟ್ ಬಿಟ್ಟಿ ಎಂದು ಯಾರೂ ತಿಳಿಯಬಾರದು. ಭಾವ ಬಸದಿಗೆ ಎಷ್ಟು ಬೇಕಾದರೂ ಕೊಡುವವರು, ನಾದಿನಿಗೆ ಅರ್ಧ ಟಿಕೆಟ್ ಕೂಡ ಬಿಟ್ಟವರಲ್ಲ.

ಮಮ್ಮು ಆ ಬಸ್ಸಿನ ಕಂಡಕ್ಟರ್. ಹೆಸರು ಮಹಮ್ಮದ್ ಎಂದು ಅವನ ಲೈಸೆನ್ಸಿಗೆ ಮಾತ್ರ ಗೊತ್ತಿತ್ತು. ಹುಟ್ಟಿದ್ದು ಸಿದ್ಧಕಟ್ಟೆಯಲ್ಲಿ. ಲೆಕ್ಕದ ಮಾಸ್ಟ್ರಿಗೆ ಹೆದರಿ ಶಾಲೆ ಬಿಟ್ಟು ಮಾವನ ಜೀನಸಿನ ಅಂಗಡಿಯಲ್ಲಿ ನಿಂತ. ಗಿರಾಕಿಗಳ ಹತ್ತಿರ ಇವನ ಮಾತೇ ಮುಗಿಯುವುದಿಲ್ಲ, ಸಾಮಾನು ಕಟ್ಟಿ ಆಗುವುದೇ ಇಲ್ಲ ಎಂದು ಮಾವ ಬೈದು ಓಡಿಸಿದರು. ಅಲ್ಲಿಂದ ಬಸ್ಸು ಹತ್ತಿದವನು ಇಳಿಯಲೇ ಇಲ್ಲ. ದುಬೈಯಲ್ಲಿದ್ದ ಅಣ್ಣಂದಿರು ವೀಸಾ ಕಳಿಸುತ್ತೇವೆ ಎಂದಾಗ, “ಅಲ್ಲಿ ಯಾರತ್ರ ಮಾತಾಡುವುದು ಟೀಚರೇ, ಒಂಟೆಯತ್ರವಾ?” ಎಂದು ನನ್ನನ್ನೇ ಕೇಳಿದ್ದ.

ಅವನ ಬಾಯಿಯೇ ಆ ಬಸ್ಸಿನ ಬಂಡವಾಳ. ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಹಿಂದೆ ಮುಂದೆ ಇನ್ನೂ ಬಸ್ಸುಗಳಿರುತ್ತಿದ್ದವು. “ವೇಣೂರ್ ಗುರ್ವಾನ್ಕೆರೆ ಬೆಳ್ತಂಗ್ಡಿ ಬೆಳ್ತಂಗ್ಡೀ” ಎಂದು ಮಮ್ಮು ಒಂದೇ ಉಸಿರಿಗೆ ಎಳೆದು ಕರೆದರೆ ಬೇರೆ ಬಸ್ಸಿಗೆ ಕಾಲಿಟ್ಟವರೂ ಇಳಿದು ಬರುತ್ತಿದ್ದರು. ಒಳಗೆ ಬಂದ ಮೇಲೆ ಟಿಕೆಟಿನ ಜೊತೆ ಊರಿನ ವರ್ತಮಾನ ಸಿಗುತ್ತಿತ್ತು. ಚನಿಯಪ್ಪಣ್ಣನ ಮಗಳಿಗೆ ಎಲ್ಲಿಯ ಗಂಡು ನಿಶ್ಚಯವಾಯಿತು, ಸಫಿಯಮ್ಮನ ಮೊಣಕಾಲು ನೋವಿಗೆ ಯಾವ ಎಣ್ಣೆ ಹಿಡಿಸಿತು, ಎಲ್ಲವೂ ತುಳು, ಕನ್ನಡ, ಬ್ಯಾರಿ ಎಂದು ಮೂರು ಭಾಷೆಯಲ್ಲಿ. “ಸ್ವಲ್ಪ ಹೊತ್ತು ಬಾಯಿಗೆ ರಜೆ ಕೊಡು ಮಾರಾಯ” ಎಂದು ನಾನು ಗದರಿದ್ದಕ್ಕೆ ಲೆಕ್ಕವಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ರಜೆ ಕೊಟ್ಟೇಬಿಟ್ಟ.

ಆದದ್ದು ಇಷ್ಟು. ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ಡ್ರೈವರ್ ರುಕ್ಮಯ್ಯ ಊಟ ಮಾಡಿ ಸೀಟಿನಲ್ಲೇ ಗೊರಕೆ ಹೊಡೆಯುತ್ತಿದ್ದ. ಮಮ್ಮು ಹೋಟೆಲಿನ ಹಿಂದೆ ಬೀಡಿ ಸೇದಲು ಹೋದ. ಅಲ್ಲಿ ಮರದ ಲೋಡಿನ ಲಾರಿಯವನೊಬ್ಬ, “ಇದನ್ನೊಮ್ಮೆ ಎಳೆದು ನೋಡು” ಎಂದು ತನ್ನದನ್ನು ಕೊಟ್ಟ. ಗಾಂಜಾ ಎಂದು ಮಮ್ಮುವಿಗೆ ಗೊತ್ತಾಗದೆ ಇರಲಿಲ್ಲ. ವಾಸನೆ ಮುಚ್ಚಿಡುವಂಥದ್ದಲ್ಲ. ಒಂದು ಸಲ ನೋಡುವ, ಏನಾಗುತ್ತದೆ ಎಂದು ಎಳೆದ. ಏನೂ ಆಗಲಿಲ್ಲವೆಂದು ಮತ್ತೂ ಎಳೆದ. ಮೂಡುಬಿದಿರೆಯ ಮನೆಯಲ್ಲಿ ಹೆಂಡತಿ ಝೈನಬ್ ದಿನವಿಡೀ ಬೀಡಿ ಕಟ್ಟಿ ಕಂಪೆನಿಯ ಬ್ರಾಂಚಿಗೆ ಕೊಡುತ್ತಿರುವಾಗ ಈ ಮಹಾಶಯನಿಗೆ ಕಂಡವರ ಬೀಡಿ ಬೇಕಾಯಿತು!

ಬಸ್ಸು ಹೊರಟ ಮೇಲೆ ಅದು ಏರಿತು. ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟಿಕೊಂಡಿತು. ಎದೆ ಹೊಡೆದುಕೊಳ್ಳುವ ಸದ್ದು ಇಂಜಿನ್ನಿಗಿಂತ ಜೋರಾಗಿ ಕೇಳತೊಡಗಿತು. ತಾನು ಗಮನವಿಟ್ಟು ಉಸಿರು ಎಳೆದುಕೊಳ್ಳದಿದ್ದರೆ ಉಸಿರು ತನ್ನಷ್ಟಕ್ಕೆ ಬರುವುದಿಲ್ಲ, ಇವತ್ತು ಈ ಬಸ್ಸಿನಲ್ಲೇ ಸಾಯುತ್ತೇನೆ ಎಂದು ಅವನಿಗೆ ಖಾತ್ರಿಯಾಯಿತು. ದಿನವೂ ಹೋಗುವ ದಾರಿ, ಆದರೆ ಒಂದು ತಿರುವು ದಾಟಿದರೆ ಅದೇ ತಿರುವು ಮತ್ತೆ ಬಂದ ಹಾಗೆ. ಇಬ್ಬರು ಹೆಂಗಸರು ಮಲ್ಲಿಗೆಯ ರೇಟು ಮಾತಾಡುತ್ತಿದ್ದರು. ಅವರು ತನ್ನ ಬಗ್ಗೆಯೇ ಹೇಳುತ್ತಿದ್ದಾರೆ, ಇಡೀ ಬಸ್ಸಿಗೆ ತಾನು ಮಾಡಿದ್ದು ಗೊತ್ತಾಗಿದೆ, ಎಲ್ಲರೂ ಒಟ್ಟಾಗಿ ಏನೋ ನಿಶ್ಚಯಿಸಿದ್ದಾರೆ ಎಂದು ಕಂಡಿತು. ಟಿಕೆಟ್ ಕೇಳಲು ಬಾಯಿ ತೆರೆದರೆ ಬೇರೆ ಯಾರದೋ ಸ್ವರ ಬಂದ ಹಾಗಾಗಿ ಅಲ್ಲಿಗೇ ನಿಲ್ಲಿಸಿದ. ವೇಣೂರಿನಲ್ಲಿ ಇಳಿದವನು ಜ್ವರವೆಂದು ರುಕ್ಮಯ್ಯನಿಗೆ ಸನ್ನೆ ಮಾಡಿ ಹೊಳೆಯ ಮೆಟ್ಟಿಲಲ್ಲಿ ಕೂತುಬಿಟ್ಟ.

ಮರುದಿನಕ್ಕೆ ಅಮಲು ಇಳಿದಿತ್ತು. ಹೆದರಿಕೆ ಇಳಿದಿರಲಿಲ್ಲ. ಮನೆಯಲ್ಲಿ ಹೇಗೋ ಸರಿಯಿದ್ದವನು ಬಸ್ಸಿನ ಬಾಗಿಲಿಗೆ ಬಂದು ಅಷ್ಟು ಮುಖಗಳನ್ನು ಕಂಡದ್ದೇ ಎದೆ ಮತ್ತೆ ಹೊಡೆದುಕೊಂಡಿತು. ಕರೆಯಲಾಗಲಿಲ್ಲ. ವಿಶಿಲ್ ಊದಿದ. ಟಿಕೆಟಿಗೆ ಕೈ ಚಾಚಿದ, ಚಿಲ್ಲರೆ ಕೊಟ್ಟ, ತಲೆ ಎತ್ತಲಿಲ್ಲ. ಯಾರಿಗಾದರೂ ಹೇಳೋಣವೆಂದರೆ ಹೇಳುವುದು ಏನು? ಗಾಂಜಾ ಎಂಬ ಮಾತು ವಿಜಯರಾಜ ಭಾವನ ಕಿವಿಗೆ ಬಿದ್ದರೆ ಅವತ್ತೇ ಚೀಲ ಇಳಿಸಿ ಮನೆಗೆ ಹೋಗಬೇಕು. ಬೀಡಿ ಸೇದಿದವನ ಪಕ್ಕದಲ್ಲಿ ಕೂತರೂ ಸ್ನಾನ ಮಾಡುವ ಮನುಷ್ಯ ಅವರು.

ಆ ಭಾವನೇ ಒಂದು ದಿನ ಬಸ್ಸು ಹತ್ತಿದರು.

“ಎಂತ ಮಮ್ಮು, ಸ್ವರವೇ ಇಲ್ಲ?” ಎಂದು ಕೇಳಿದರು. ಮಮ್ಮು ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ.

“ಮೌನವಾ?”

ತಲೆ ಆಡಿಸುವುದು ಮಾತಾಡುವುದಕ್ಕಿಂತ ಸುಲಭ. ಮಮ್ಮು ಆಡಿಸಿದ. ಭಾವನ ಕಣ್ಣು ಅರಳಿತು.

“ನೋಡಿದಿಯಾ ಪ್ರಭಾ,” ಎಂದು ನನ್ನ ಕಡೆ ತಿರುಗಿ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು, “ಮೌನವ್ರತ! ದಿನಾ ಬಸದಿಗೆ ಹೋಗುವ ನಮಗೆ ಅರ್ಧ ಗಂಟೆ ಬಾಯಿ ಮುಚ್ಚಿ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ. ಇವ ಕಂಡಕ್ಟರ್ ಆಗಿದ್ದುಕೊಂಡು ಮಾಡ್ತಾನೆ. ಇನ್ನು ಯಾರೂ ಅವನನ್ನು ಮಾತಾಡಿಸಬೇಡಿ ಆಯ್ತಾ.”

ಮಮ್ಮುವಿಗೆ ಮೊದಲು ಜೀವ ಬಂದ ಹಾಗಾಯಿತಂತೆ. ಇನ್ನು ಯಾರೂ ಏನೂ ಕೇಳುವುದಿಲ್ಲವಲ್ಲ. ಆದರೆ ನಮ್ಮ ಜನರ ಪ್ರೀತಿ ಎಂಥದ್ದೆಂದು ಅವನು ಮರೆತಿದ್ದ. ವ್ರತಕ್ಕೆ ಭಂಗ ಬರಬಾರದೆಂದು ಬಸ್ಸಿಗೆ ಬಸ್ಸೇ ಕಾವಲಿಗೆ ನಿಂತಿತು. ಹೊಸಬರು ಹತ್ತಿ, “ಗುರುವಾಯನಕೆರೆಗೆ ಎಷ್ಟು?” ಎಂದರೆ ಸಾಕು, ನಾಲ್ಕು ಕಡೆಯಿಂದ “ಶ್ಶ್!” ಬರುತ್ತಿತ್ತು. ಹೆಂಗಸರು ಇಳಿಯುವವರನ್ನು ನೋಡಿಕೊಂಡು ತಾವೇ “ರೈಟ್ ಪೋಯಿ” ಎಂದು ಬಸ್ಸು ಹೊರಡಿಸತೊಡಗಿದರು. ಹಿಂದಿನ ಸೀಟಿನವರ ದುಡ್ಡು ಕೈಯಿಂದ ಕೈಗೆ ದಾಟಿ ಮುಂದೆ ಬಂದು ಟಿಕೆಟು ಹಾಗೆಯೇ ಹಿಂದೆ ಹೋಗುತ್ತಿತ್ತು. ಅವನು ಹತ್ತಿರ ಬಂದಾಗ ಎಲ್ಲರೂ ಸ್ವರ ತಗ್ಗಿಸುತ್ತಿದ್ದರು. ದಾಟಿಹೋದ ಮೇಲೆ, “ಪಾಪ, ಎಂಥಾ ಒಳ್ಳೆಯವ” ಎಂದು ಪಿಸುಗುಟ್ಟುತ್ತಿದ್ದರು. ಎಲ್ಲರೂ ತನ್ನನ್ನೇ ನೋಡುತ್ತಾರೆ, ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದು ಹೆದರಿದ್ದ ಮನುಷ್ಯ. ಈಗ ನಿಜಕ್ಕೂ ಎಲ್ಲರೂ ಅವನನ್ನೇ ನೋಡುತ್ತಿದ್ದರು, ಅವನ ಬಗ್ಗೆಯೇ ಮಾತಾಡುತ್ತಿದ್ದರು. ನಾನೂ ಅವರಲ್ಲಿ ಒಬ್ಬಳು. ಮಮ್ಮು ಬಡಕಲಾಗಿಹೋದ. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಯಿತು. ವ್ರತದವರು ಸೊರಗುವುದು ಸಹಜವೆಂದು ನಾವು ಮತ್ತಷ್ಟು ಕೈ ಮುಗಿದೆವು.

ನಮ್ಮ ಕಡೆ ಒಬ್ಬ ಮನುಷ್ಯ ಒಳ್ಳೆಯವನೆಂದು ಗೊತ್ತಾದರೆ ಅವನಿಗೆ ಶಾಲು ತಪ್ಪಿದ್ದಲ್ಲ. ನಮ್ಮ ವೇಣೂರಿನ ಯುವಕ ಮಂಡಲದ ವಾರ್ಷಿಕೋತ್ಸವ ಹತ್ತಿರವಿತ್ತು, ಅದಕ್ಕೆ ಗೌರವಾಧ್ಯಕ್ಷರು ವಿಜಯರಾಜ ಭಾವ. ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಚೌಕಟ್ಟು ಹಾಕಿದ ಸನ್ಮಾನಪತ್ರ. ಪತ್ರ ಬರೆಯುವ ಕೆಲಸ ಕನ್ನಡ ಟೀಚರಾದ ನನ್ನ ತಲೆಗೆ ಬಂತು. ನಮ್ಮೂರಿನಲ್ಲಿ ಯಾರಿಗೆ ಸನ್ಮಾನವಾದರೂ ಕೈ ನೋಯುವುದು ನನಗೆ.

ಬರೆಯುತ್ತಿರುವಾಗ ಝೈನಬ್ ಮನೆಗೆ ಬಂದಳು. ಅವಳು ಹೆಚ್ಚು ಮಾತಿನವಳಲ್ಲ, ಮನೆಯಲ್ಲಿ ಇಬ್ಬರ ಪಾಲನ್ನೂ ಮಮ್ಮುವೇ ಆಡಿ ಮುಗಿಸುತ್ತಿದ್ದ. ಅವತ್ತು ಅವಳ ಮುಖ ನೋಡಬೇಕಿತ್ತು.

“ಟೀಚರಕ್ಕ, ನಾನು ಜಿನ್ನಿನ ಉಪದ್ರ ಅಂತ ಗ್ರಹಿಸಿದ್ದೆ. ಮಸೀದಿಯ ಉಸ್ತಾದರತ್ರ ನೀರು ಓದಿಸಿ ಕುಡಿಸಿದೆ. ಮತ್ತೆ ಬಸ್ಸಿನವರು ಹೇಳಿದರು, ನೇರ್ಚೆ ಮಾಡ್ತಿದ್ದಾರೆ ಅಂತ. ನನಗೂ ಹೇಳದೆ.” ನೇರ್ಚೆ ಎಂದರೆ ಹರಕೆ. ಅವಳು ಸೆರಗಿನ ತುದಿ ಸುತ್ತುತ್ತಾ ಮೆಲ್ಲಗೆ ಹೇಳಿದಳು, “ಮಗುವಿಗೋಸ್ಕರ ಇರಬೇಕು ಅಲ್ವಾ? ಇಷ್ಟು ವರ್ಷ ಅದರ ಬಗ್ಗೆ ಒಂದು ಮಾತು ಆಡದವರು. ಸಿದ್ಧಕಟ್ಟೆಗೆ ಅವರ ಉಮ್ಮನಿಗೂ ಹೇಳಿ ಕಳಿಸಿದೆ.”

ಅವರಿಗೆ ಮಕ್ಕಳಿರಲಿಲ್ಲ. ಅವಳು ಹೋದ ಮೇಲೆ ನಾನು ಪತ್ರಕ್ಕೆ ಇನ್ನೆರಡು ಒಳ್ಳೆಯ ವಾಕ್ಯ ಸೇರಿಸಿದೆ. ಮಮ್ಮುವಿನ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿತ್ತು.

ವಾರ್ಷಿಕೋತ್ಸವದ ಹಿಂದಿನ ದಿನ ಮಧ್ಯಾಹ್ನ ಮಮ್ಮು ಅರ್ಧ ದಿನ ರಜೆ ಹಾಕಿ ನಮ್ಮ ಶಾಲೆಯ ಜಗಲಿಗೆ ಬಂದು ನಿಂತ. ಶನಿವಾರದ ಬೆಳಗ್ಗಿನ ಶಾಲೆ ಮುಗಿಸಿ ಮಕ್ಕಳೆಲ್ಲ ಮನೆಗೆ ಹೋಗಿದ್ದರು. “ಟೀಚರೇ” ಎಂದ. ಅಷ್ಟು ದಿನದ ಮೇಲೆ ಆ ಸ್ವರ ಕೇಳಿ ನಾನು ಗಾಬರಿಯಾಗಿ, “ಅಯ್ಯೋ, ವ್ರತ!” ಎಂದೆ. ಅವನು ಕಂಬ ಹಿಡಿದುಕೊಂಡು ಹೋಟೆಲಿನ ಹಿಂದಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಸನ್ಮಾನ ಹೇಗಾದರೂ ನಿಲ್ಲಿಸಿ ಎಂದು ಕೈ ಮುಗಿದ.

ನನಗೆ ಬಂದ ಸಿಟ್ಟಿಗೆ ಅವನ ಕಿವಿ ಹಿಂಡಬೇಕೆನಿಸಿತು. “ಗಾಂಜಾ ಸೇದಿದ್ದು ಒಂದು ಪೆದ್ದುತನ. ಅದಕ್ಕೆ ವ್ರತದ ಅಂಗಿ ತೊಡಿಸಿದ್ದು ಇನ್ನೊಂದು. ನನ್ನತ್ರ ಎಂತಕ್ಕೆ ಹೇಳ್ತಿ? ಹೋಗಿ ಝೈನಬಳತ್ರ ಹೇಳು” ಎಂದೆ.

“ಅವಳತ್ರ ಹೇಗೆ ಹೇಳುವುದು ಟೀಚರೇ? ಬೆಳಿಗ್ಗೆ ಏಳುವಾಗ ನಗ್ತಾಳೆ ಈಗ. ಮೊದಲು ಹಾಗೆ ನಗ್ತಿರಲಿಲ್ಲ.” ಅವನು ಕಂಬದ ಸುಣ್ಣವನ್ನು ಉಗುರಿನಿಂದ ಕೆರೆದ. “ಕೆಲಸ ಹೋದರೆ ಹೋಗಲಿ. ಅವಳು ನಗುವುದು ನಿಂತರೆ ನಾನೆಂತ ಮಾಡಲಿ?”

ಹೇಳಲೇಬೇಕು ಎಂದಷ್ಟೇ ಹೇಳಿ ಕಳಿಸಿದೆ. ಅವನು ಆ ರಾತ್ರಿ ಹೇಳಲಿಲ್ಲ.

ಮಾರನೆಯ ದಿನ ಭಾನುವಾರ ಸಂಜೆಯ ಬಿಸಿಲಿನಲ್ಲಿ ವೇಣೂರು ಶಾಲೆಯ ಮೈದಾನದ ಚಪ್ಪರ ತುಂಬಿತ್ತು. ಎದುರಿನ ಸಾಲಿನಲ್ಲಿ ಝೈನಬ್, ಹೊಸ ಸೀರೆ. ವೇದಿಕೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತ ಮಮ್ಮುವಿನ ಬಿಳಿ ಅಂಗಿ ಬೆವರಿ ಬೆನ್ನಿಗೆ ಅಂಟಿತ್ತು. ನಾನು ಪತ್ರ ಓದಲು ನಿಂತೆ. ಅವನು ಹತ್ತುವ ಮುದುಕಿಯರಿಗೆ ಕೈ ಕೊಡುವುದು, ಮರೆತು ಹೋದ ಕೊಡೆ ಮನೆಗೆ ಮುಟ್ಟಿಸುವುದು, ಇಂಥ ನಿಜವಾದದ್ದನ್ನೆಲ್ಲ ಓದಿ, ವ್ರತದ ವಾಕ್ಯಗಳನ್ನು ಹಾರಿಸಿ ಕೂರಲು ಹೊರಟೆ. ಭಾವ ಬಿಡಲಿಲ್ಲ. “ಮೌನದ್ದು ಓದು, ಮೌನದ್ದು!” ಎಂದು ಗದರಿದರು. ಅದು ಮೈಕಿನಲ್ಲಿ ಎಲ್ಲರಿಗೂ ಕೇಳಿತು.

ಆಗ ಮಮ್ಮು ಎದ್ದ. ಶಾಲು ಬಿಡಿಸಿ ಹಿಡಿದಿದ್ದ ಭಾವನನ್ನು ದಾಟಿ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡ.

“ನಾನು ವ್ರತ ಮಾಡಿದ್ದಲ್ಲ,” ಎಂದ. ಸ್ವರ ಒಡೆದಿತ್ತು. “ಗಾಂಜಾ ಸೇದಿದ್ದು. ಒಂದು ಸಲ. ಅವತ್ತಿನಿಂದ ನನಗೆ ನಿಮ್ಮನ್ನೆಲ್ಲ ಕಂಡರೆ ಹೆದರಿಕೆ. ನೀವೆಲ್ಲ ನನ್ನನ್ನೇ ನೋಡ್ತೀರಿ, ನನ್ನದೇ ಮಾತಾಡ್ತೀರಿ ಅಂತ ಕಾಣ್ತದೆ. ಅದಕ್ಕೆ ಬಾಯಿ ಬರುವುದಿಲ್ಲ. ಬೇರೆ ಎಂತದೂ ಇಲ್ಲ.”

“ಮಾತಾಡ್ತಿದ್ದದ್ದು ಹೌದಲ್ಲ ಮಾರಾಯ!” ಎಂದು ಹಿಂದಿನಿಂದ ರುಕ್ಮಯ್ಯ ಕೂಗಿದ. ಇಡೀ ಚಪ್ಪರ ನಕ್ಕಿತು. ಮಮ್ಮು ನಗಲಿಲ್ಲ. ಅವನು ನೋಡುತ್ತಿದ್ದದ್ದು ಮುಂದಿನ ಸಾಲನ್ನು. ಝೈನಬ್ ನಿಧಾನವಾಗಿ ಎದ್ದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಯಾರನ್ನೂ ನೋಡದೆ ಗೇಟಿನ ಕಡೆ ನಡೆದಳು. ನಗು ತನ್ನಷ್ಟಕ್ಕೆ ನಿಂತಿತು. ಮುಖ್ಯ ಅತಿಥಿಯಾಗಿ ಬಂದಿದ್ದ ಡಾಕ್ಟರು ಮಮ್ಮುವಿನ ಭುಜ ಹಿಡಿದು ಕೂರಿಸಿ, “ಕೆಲವರಿಗೆ ಹೀಗಾಗ್ತದೆ. ಇನ್ನು ಅದನ್ನು ಮುಟ್ಟಬೇಡ. ಹೆದರಿಕೆ ಹೋಗ್ತದೆ, ಆದರೆ ಒಮ್ಮೆಗೇ ಹೋಗುವುದಿಲ್ಲ. ನನ್ನಲ್ಲಿಗೆ ಬಾ” ಎಂದರು. ಅವನಿಗೆ ಕೇಳಿತೋ ಇಲ್ಲವೋ ಗೊತ್ತಿಲ್ಲ.

ಭಾವ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು. ನಾನೂ ಬೆನ್ನಿಗೇ ಹೋದೆ.

“ಗಾಂಜಾ ಸೇದುವವನ ಕೈಗೆ ನನ್ನ ಬಸ್ಸು ಕೊಡಬೇಕಾ? ಊರೆಲ್ಲ ನನ್ನನ್ನು ನೋಡಿ ನಗಾಡಿತು.”

“ಬಸದಿಯಲ್ಲಿ ಅಣುವ್ರತ ಐದು ಅಂತ ಮೈಕಿನಲ್ಲಿ ಹೇಳಿದ್ದು ನೀವೇ ಅಲ್ಲವಾ ಭಾವ? ಅದರಲ್ಲಿ ಸತ್ಯ ಉಂಟೋ, ಇಲ್ಲ ಇವತ್ತು ತೆಗೆದುಹಾಕಿದಿರೋ? ಅವನು ಸುಮ್ಮನೆ ಶಾಲು ಹಾಕಿಸಿಕೊಂಡು ಹೋಗಿದ್ದರೆ ನಿಮಗೂ ಗೊತ್ತಾಗುತ್ತಿರಲಿಲ್ಲ, ಅವನ ಹೆಂಡತಿಗೂ ಗೊತ್ತಾಗುತ್ತಿರಲಿಲ್ಲ.”

ಒಳಗಿನಿಂದ ಅಕ್ಕನೂ, “ಅವಳು ಹೇಳುವುದು ಸರಿ” ಎಂದಳು. ಭಾವ ಶಾಲು ಬಿಡಿಸಿ ಮತ್ತೆ ಮಡಚಿದರು.

“ನಾಳೆ ಬೆಳಿಗ್ಗೆ ವೇಣೂರು ಸ್ಟ್ಯಾಂಡಿಗೆ ನಾನೇ ಬರ್ತೇನೆ,” ಎಂದರು. “ಮೊದಲಿನ ಹಾಗೆ ಬಾಯಿಬಿಟ್ಟು ಕರೆದರೆ ಇರಲಿ. ಕರೆಯಲಿಕ್ಕೆ ಆಗದಿದ್ದರೆ ಚೀಲ ಕೊಟ್ಟು ಹೋಗಲಿ. ಊರಿಗೆಲ್ಲ ಹೆದರುವ ಕಂಡಕ್ಟರ್ ನನಗೆ ಬೇಡ.”

ರುಕ್ಮಯ್ಯನ ಮೂಲಕ ಸುದ್ದಿ ಮಮ್ಮುವಿನ ಮನೆಗೆ ಹೋಯಿತು.

ಬೆಳಿಗ್ಗೆ ಬಸ್ಸು ಮೂಡುಬಿದಿರೆಯಿಂದ ಬಂದು ನಿಂತಾಗ ಸ್ಟ್ಯಾಂಡಿನಲ್ಲಿ ಎಂದಿಗಿಂತ ಹೆಚ್ಚು ಜನ. ಎಲ್ಲರಿಗೂ ಗೊತ್ತಾಗಿತ್ತು, ಅದಕ್ಕೇ ಹತ್ತದೆ ಕೆಳಗೇ ನಿಂತಿದ್ದರು. ಭಾವ ಅಂಗಡಿಯ ನೆರಳಿನಲ್ಲಿ ಕೈಕಟ್ಟಿದ್ದರು. ನಾನು ಹತ್ತಿ ಒಳಗೆ ನೋಡಿದರೆ, ಬಾನೆಟ್ಟಿನ ಪಕ್ಕದ ಸೀಟಿನಲ್ಲಿ ಝೈನಬ್! ತೊಡೆಯ ಮೇಲೆ ಬೀಡಿ ಕಟ್ಟುವವರ ಮೊರ, ಅಂದರೆ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು, ಕತ್ತರಿ. ತಲೆ ತಗ್ಗಿಸಿ ಬೀಡಿ ಕಟ್ಟುತ್ತಿದ್ದಳು. ಕಣ್ಣು ಊದಿತ್ತು.

“ಮೂಡುಬಿದಿರೆಯಿಂದಲೇ ಹೀಗೆ,” ಎಂದು ರುಕ್ಮಯ್ಯ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ. “ನಿನ್ನೆಯಿಂದ ಅವನತ್ರ ಒಂದು ಶಬ್ದ ಮಾತಾಡಲಿಲ್ಲವಂತೆ. ಬೆಳಿಗ್ಗೆ ಅವ ಹೊರಡುವಾಗ ತಡ್ಪೆ ಹಿಡಿದುಕೊಂಡು ಹಿಂದೆಯೇ ಬಂದು ಹತ್ತಿದಳು. ಹೊಗೆಸೊಪ್ಪು ಹಾರುತ್ತದೆ ಅಂತ ನಾನು ಎತ್ತಿನ ಗಾಡಿಯ ಹಾಗೆ ಬಂದೆ. ಅಲ್ಲಿಯೂ ಅವ ಕರೆಯಲಿಲ್ಲ. ನಾನೇ ಕರೆದದ್ದು.”

ಮಮ್ಮು ಫುಟ್‌ಬೋರ್ಡಿನಲ್ಲಿ ನಿಂತಿದ್ದ. ಬಾಯಿ ತೆರೆದ. ಸ್ವರ ಬರಲಿಲ್ಲ. ಎದುರಿಗೆ ಊರಿಗೆ ಊರೇ ಅವನ ಬಾಯಿಯನ್ನೇ ನೋಡುತ್ತಿತ್ತು. ಮತ್ತೊಮ್ಮೆ ತೆರೆದ. ಆಗಲಿಲ್ಲ. ಕೈ ತನ್ನಷ್ಟಕ್ಕೆ ಹೆಗಲಿನ ಚೀಲದ ಪಟ್ಟಿಗೆ ಹೋದದ್ದನ್ನು ನಾನು ನೋಡಿದೆ. ಕಳಚುತ್ತಾನೆ ಎಂದುಕೊಂಡೆ.

ಝೈನಬ್ ತಡ್ಪೆಯಿಂದ ತಲೆ ಎತ್ತದೆ ಬ್ಯಾರಿ ಭಾಷೆಯಲ್ಲಿ ಹೇಳಿದಳು. ನನಗೆ ಅರ್ಥವಾಗುವಷ್ಟು ಬರುತ್ತದೆ.

“ಅಷ್ಟು ಜನರನ್ನು ಯಾಕೆ ನೋಡುವುದು? ಕೆಳಗೆ ನಾನೊಬ್ಬಳೇ ನಿಂತಿದ್ದೇನೆ ಅಂತ ಗ್ರಹಿಸಿ. ನನ್ನನ್ನು ಕರೆಯಿರಿ.”

ಮಮ್ಮು ತಿರುಗಿ ನೋಡಿದ. ಅವಳು ನೋಡಲಿಲ್ಲ, ಎಲೆ ಸುತ್ತುತ್ತಲೇ ಇದ್ದಳು. ಅವನು ಪಟ್ಟಿಯಿಂದ ಕೈ ತೆಗೆದು ಬಾಗಿಲ ಸರಳು ಹಿಡಿದುಕೊಂಡ. ಕಣ್ಣು ಮುಚ್ಚಿ ಕರೆದ. “ಗುರ್ವಾನ್ಕೆರೆ” ಎಂಬಲ್ಲಿ ಸ್ವರ ಬಿರಿಯಿತು, “ಬೆಳ್ತಂಗ್ಡಿ” ಎಂಬಲ್ಲಿ ನಿಂತಿತು, ಮತ್ತೆ ಹಿಡಿದುಕೊಂಡು “ಬೆಳ್ತಂಗ್ಡೀ” ಎಂದು ಎಳೆದ. ಮೊದಲಿನ ಅರ್ಧದಷ್ಟೂ ಇರಲಿಲ್ಲ. ಕೆಮ್ಮಿನ ಮುದುಕ ಕರೆದ ಹಾಗಿತ್ತು. ಆದರೂ ಜನ ನುಗ್ಗಿ ಹತ್ತಿದರು, ಬೆಳ್ತಂಗಡಿಯಲ್ಲಿ ಏನೂ ಕೆಲಸವಿಲ್ಲದ ಇಬ್ಬರು ಮೂವರೂ ಹತ್ತಿದರು. ಭಾವ ಚೀಲದ ಮಾತೆತ್ತದೆ ಅಂಗಡಿಯವನ ಹತ್ತಿರ ಬಾಳೆಹಣ್ಣಿನ ರೇಟು ಕೇಳತೊಡಗಿದರು.

ಝೈನಬಳ ಕೈಯಲ್ಲಿದ್ದ ಬೀಡಿ ಬಿಚ್ಚಿಹೋಗಿತ್ತು. ಅವಳು ಕಣ್ಣೊರೆಸಿಕೊಂಡು ಅದೇ ಎಲೆಯನ್ನು ಮತ್ತೆ ಸುತ್ತಿದಳು. ಮಳೆಗಾಲ ಹಿಡಿಯುವ ತನಕ ಅವಳು ದಿನವೂ ಹಾಗೆಯೇ ತಡ್ಪೆ ಹಿಡಿದು ಬಸ್ಸಿನಲ್ಲಿ ಬಂದಳು. ಭಾವನ ಬಸ್ಸಲ್ಲವಾ, ಮಮ್ಮು ಅವಳಿಗೂ ಬಿಟ್ಟಿ ಬಿಡದೆ ಟಿಕೆಟ್ ಕೊಡುತ್ತಿದ್ದ.